ಒಪ್ಪಿಕೊಳ್ಳಲಾಗದವನನ್ನೂ ಬಿಡದ ಪ್ರೀತಿ

ದೇವರು ಪ್ರೀತಿಸ್ವರೂಪಿ ಎಂಬ ಮಾತನ್ನು ಅಲ್ಲಗಳೆಯುವ ಕ್ರೈಸ್ತರು ಸಿಗುವುದಿಲ್ಲ. ಭಾನುವಾರದ ಆರಾಧನೆಯಲ್ಲಿ, ಮನೆಪ್ರಾರ್ಥನೆಯಲ್ಲಿ, ಮದುವೆಯಲ್ಲಿ, ಸಮಾಧಿಯ ಮುಂದೆ ನಿಂತಾಗ ಅದನ್ನು ಕೇಳುತ್ತಲೇ ಬೆಳೆದವರು ನಾವು. ಆದರೂ ಪ್ರಭುಭೋಜನಕ್ಕೆ ಎಲ್ಲರೂ ಎದ್ದು ಮುಂದೆ ಹೋಗುವಾಗ ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ಕೂತೇ ಇರುತ್ತಾರೆ. ಆಮೇಲೆ ಅಂಗಳದಲ್ಲಿ ಮೆಲ್ಲಗೆ ವಿಚಾರಿಸಿದರೆ, “ನನಗೆ ಆ ಯೋಗ್ಯತೆ ಎಲ್ಲಿದೆ ಬಿಡಿ” ಎನ್ನುತ್ತಾರೆ. ದೇವರು ಲೋಕವನ್ನು ಪ್ರೀತಿಸಿದನೆಂಬುದರಲ್ಲಿ ಅವರಿಗೆ ಸಂಶಯವಿಲ್ಲ. ಆ ಲೋಕದ ಲೆಕ್ಕದಲ್ಲಿ ತಾವೂ ಸೇರಿದ್ದೇವೆಂಬುದನ್ನು ಮಾತ್ರ ನಂಬಲಾರರು.

ಅವರಿಗಾಗಿ ಇಂದು ಒಬ್ಬ ಕವಿಯ ಬದುಕನ್ನು ಹೇಳಬೇಕೆನಿಸಿದೆ. ಹೆಸರು ವಿಲಿಯಂ ಕೌಪರ್, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನವನು. ಕ್ರಿಸ್ತನ ರಕ್ತದ ಬಗ್ಗೆ, ದೇವರ ನಿಗೂಢ ದಾರಿಗಳ ಬಗ್ಗೆ ಅವನು ಬರೆದ ಗೀತೆಗಳನ್ನು ಜಗತ್ತಿನ ಎಷ್ಟೋ ಸಭೆಗಳು ಈಗಲೂ ಹಾಡುತ್ತವೆ. ಅದೇ ಕೌಪರ್ ಬದುಕಿನ ಕೊನೆಯ ಇಪ್ಪತ್ತೇಳು ವರ್ಷ, ದೇವರ ಕೃಪೆ ಎಲ್ಲರಿಗೂ ಇದೆ, ನನ್ನೊಬ್ಬನಿಗೆ ಇಲ್ಲ ಎಂದು ನಂಬಿ ಬದುಕಿದ.

ಹುಟ್ಟಿದ್ದು 1731ರಲ್ಲಿ, ಪಾದ್ರಿಯ ಮನೆಯಲ್ಲಿ. ಆರನೆಯ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ. ಕಳಿಸಿದ ವಸತಿಶಾಲೆಯಲ್ಲಿ ಒಬ್ಬ ದೊಡ್ಡ ಹುಡುಗ ಇವನನ್ನು ಎಷ್ಟು ಹಿಂಸಿಸಿದನೆಂದರೆ, ತಲೆಯೆತ್ತಿ ಅವನ ಮುಖ ನೋಡುವ ಧೈರ್ಯವಿಲ್ಲದೆ ಬೂಟಿನ ಬಕಲ್ಲಿನಿಂದಲೇ ಅವನನ್ನು ಗುರುತಿಸುತ್ತಿದ್ದೆ ಎಂದು ಕೌಪರ್ ಮುಂದೆ ಬರೆದುಕೊಂಡ. ಕಾನೂನು ಓದಿದ. 1763ರಲ್ಲಿ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಲ್ಲಿ ಒಂದು ಗುಮಾಸ್ತಿಕೆಯ ಹುದ್ದೆಗೆ ಹೆಸರು ಬಂತು. ಅದಕ್ಕೆ ಸಭೆಯೆದುರು ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಪರೀಕ್ಷೆಯ ದಿನ ಹತ್ತಿರವಾದಂತೆ ಭಯ ಅವನನ್ನು ಪೂರ್ತಿಯಾಗಿ ನುಂಗಿತು. ಜೀವ ತೆಗೆದುಕೊಳ್ಳಲು ಯತ್ನಿಸಿದ. ಬದುಕುಳಿದ ಅವನನ್ನು ಮನೆಯವರು ಸೇಂಟ್ ಆಲ್ಬನ್ಸ್ ಊರಿನಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ನಥಾನಿಯೇಲ್ ಕಾಟನ್ ಎಂಬ ವೈದ್ಯನ ಬಳಿ ಬಿಟ್ಟರು. ಆ ವೈದ್ಯ ಮೃದುವಾದ ಮನುಷ್ಯ, ದೈವಭಕ್ತ. ಅಲ್ಲಿಯೇ 1764ರಲ್ಲಿ ಕೌಪರ್ ರೋಮಾಪುರದವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯ ಓದುತ್ತಿರುವಾಗ ಬೆಳಕು ಕಂಡ. ಕ್ರಿಸ್ತನು ತನಗಾಗಿಯೂ ಸತ್ತನೆಂಬ ಅರಿವು ಮೊದಲ ಬಾರಿಗೆ ಎದೆಗಿಳಿಯಿತು.

ಇಷ್ಟು ದಿನ ಕಂಬನಿಯಲ್ಲಿದ್ದವನು ಈಗ ಹರ್ಷದಿಂದ ಮಾತೇ ಹೊರಡದವನಾದ. 1767ರಲ್ಲಿ ಓಲ್ನಿ ಎಂಬ ಸಣ್ಣ ಪೇಟೆಗೆ ಬಂದ. ಜೊತೆಗಿದ್ದವಳು ಮೇರಿ ಅನ್ವಿನ್. ಒಬ್ಬ ಪಾದ್ರಿಯ ವಿಧವೆ, ವಯಸ್ಸಿನಲ್ಲಿ ಹಿರಿಯಳು, ಅವನನ್ನು ಮನೆಮಗನಂತೆ ನೋಡಿಕೊಂಡವಳು. ಓಲ್ನಿಯಲ್ಲಿ ಹೆಚ್ಚಿನವರು ಮನೆಯಲ್ಲಿ ಕೂತು ಲೇಸ್ ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಬಡವರು. ಅಲ್ಲಿನ ಸಭಾಪಾಲಕ ಜಾನ್ ನ್ಯೂಟನ್. ಇಬ್ಬರ ಮನೆಗಳ ನಡುವೆ ಒಂದು ಹಣ್ಣಿನ ತೋಟವಿತ್ತು. ರಸ್ತೆ ಸುತ್ತುವ ಬದಲು ಆ ತೋಟ ಹಾಯ್ದು ಒಬ್ಬರ ಮನೆಗೊಬ್ಬರು ಹೋಗಲು ತೋಟದವರಿಗೆ ವರ್ಷಕ್ಕೊಂದು ಗಿನಿ ನಾಣ್ಯ ಕೊಡುತ್ತಿದ್ದರು. ಸ್ನೇಹಕ್ಕೆ ಹಣ ತೆತ್ತು ದಾರಿ ಮಾಡಿಕೊಂಡವರು ಅವರು.

ನ್ಯೂಟನ್ನನ ಕಥೆ ನಮ್ಮ ಉಪದೇಶಪೀಠಗಳಲ್ಲಿ ಬಹಳ ಸಲ ಕೇಳಿಬರುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಹಡಗು ಸೇರಿದ ಒರಟ, ದೇವನಿಂದಕ; 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ ಹಡಗು ಒಡೆಯುವಂತಾದಾಗ ದೇವರನ್ನು ಕೂಗಿದ; ಬದಲಾದ. ಸಾಕ್ಷಿ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಅವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾದದ್ದು ಈ ಬಿರುಗಾಳಿಯ ನಂತರ. 1750ರಿಂದ 1754ರವರೆಗೆ ಆಫ್ರಿಕದ ಕರಾವಳಿಯಿಂದ ಗಂಡಸರು, ಹೆಂಗಸರು, ಮಕ್ಕಳನ್ನು ತುಂಬಿಕೊಂಡು ಸಾಗರ ದಾಟಿಸಿದ. ಮೇಲೆ ತನ್ನ ಕೋಣೆಯಲ್ಲಿ ಪ್ರಾರ್ಥಿಸುತ್ತಿದ್ದ, ಕೆಳಗೆ ಮನುಷ್ಯರು ಸರಪಳಿಯಲ್ಲಿದ್ದರು. ಹಡಗಿನ ದಿನಚರಿಯಲ್ಲಿ ಅವರಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಅವನು ಆ ಕಸುಬು ಬಿಟ್ಟದ್ದೂ ಆರೋಗ್ಯ ಕೆಟ್ಟಿದ್ದರಿಂದ. ಆಗಿನ್ನೂ ಮನಸ್ಸಾಕ್ಷಿ ಎಚ್ಚೆತ್ತಿರಲಿಲ್ಲ. ಪಾದ್ರಿಯಾಗಿ ದೀಕ್ಷೆ ಪಡೆದದ್ದು 1764ರಲ್ಲಿ. ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದು, ತಾನೂ ಆ ಪಾಪದಲ್ಲಿ ಭಾಗಿ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದು 1788ರಲ್ಲಿ.

ಇದನ್ನು ಮುಚ್ಚಿಡಬಾರದು ಎಂದು ನನಗೆ ಬಲವಾಗಿ ಅನಿಸುತ್ತದೆ. ಬಿರುಗಾಳಿಯಲ್ಲಿ ನ್ಯೂಟನ್ನನನ್ನು ಹಿಡಿದ ದೇವರ ಪ್ರೀತಿಯು ಅವನು ಶುದ್ಧನಾಗುವವರೆಗೆ ಕಾಯಲಿಲ್ಲ, ಸರಿ. ಆದರೆ ಅದೇ ಪ್ರೀತಿ ಆ ಸಂಖ್ಯೆಗಳ ಹಿಂದಿದ್ದ ಒಬ್ಬೊಬ್ಬರ ಮೇಲೂ ಇತ್ತು. ಅದನ್ನು ಕಾಣಲು ಅವನಿಗೆ ದಶಕಗಳೇ ಹಿಡಿದವು, ಆ ದಶಕಗಳ ಬೆಲೆಯನ್ನು ತೆತ್ತವರು ಬೇರೆಯವರು. ದೇವರು ಷರತ್ತಿಲ್ಲದೆ ಪ್ರೀತಿಸುತ್ತಾನೆ ಎಂದೊಡನೆ “ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೇ?” ಎಂಬ ಪ್ರಶ್ನೆ ಏಳುತ್ತದೆ. ಪೌಲನ ಕಾಲದಲ್ಲೂ ಎದ್ದಿತ್ತು, ಅದಕ್ಕೆ ಅವನು ಖಡಾಖಂಡಿತವಾಗಿ ಇಲ್ಲ ಎಂದ. ನಾವಿನ್ನೂ ಪಾಪಿಗಳಾಗಿರುವಾಗಲೇ ಕ್ರಿಸ್ತನು ನಮಗಾಗಿ ಸತ್ತನು ಎಂದು ಬರೆದ ಲೇಖನಿಯೇ ಆ ಉತ್ತರವನ್ನೂ ಬರೆದದ್ದು. ಪ್ರೀತಿಸುವವನು ಮಗನ ತಪ್ಪನ್ನು ನೋಡಿಯೂ ನೋಡದಂತೆ ಇರಲಾರ.

1773ರ ಜನವರಿ 1. ಹೊಸವರ್ಷದ ಆರಾಧನೆಯಲ್ಲಿ ನ್ಯೂಟನ್ ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದಿಂದ ಪ್ರಸಂಗ ಮಾಡಿದ. ಅರಸನಾದ ದಾವೀದ ದೇವರ ಮುಂದೆ ಕೂತು, ನನ್ನನ್ನು ಇಷ್ಟು ದೂರ ನಡೆಸಿಕೊಂಡು ಬರಲು ನಾನು ಎಷ್ಟರವನು ಎಂದು ಬೆರಗಾಗುವ ಭಾಗ ಅದು. ಅದಕ್ಕೆಂದೇ ಓಲ್ನಿಯ ಬಡ ಸಭೆಗಾಗಿ ಅವನೊಂದು ಗೀತೆ ಬರೆದಿದ್ದ. ಇಂದು ಆ ಗೀತೆ ‘ಅಮೇಜಿಂಗ್ ಗ್ರೇಸ್’ ಎಂಬ ಹೆಸರಿನಲ್ಲಿ ಭೂಮಿಯ ಎಲ್ಲ ಕಡೆಗೂ ಹೋಗಿದೆ.

ಅದೇ ಜನವರಿಯಲ್ಲಿ ಕೌಪರನ ಮನಸ್ಸು ಮತ್ತೆ ಕುಸಿಯಿತು. ಕೆಲವು ವಾರಗಳಲ್ಲಿ ಒಂದು ಕನಸು ಬಿತ್ತು. ನಿನ್ನ ಕಥೆ ಮುಗಿಯಿತು, ನೀನು ನಾಶವಾದೆ ಎಂಬ ಮಾತು ಅದರಲ್ಲಿ ಕೇಳಿಸಿತು. ಅದು ದೇವರದೇ ತೀರ್ಪೆಂದು ಅವನು ನಂಬಿದ. ಆ ವರ್ಷ ಮತ್ತೊಮ್ಮೆ ಜೀವ ತೆಗೆದುಕೊಳ್ಳಲು ಯತ್ನಿಸಿದ, ಅದೂ ದೇವರೇ ಕೇಳುತ್ತಿರುವ ಬಲಿ ಎಂದು ಭಾವಿಸಿ. ದೇವಾಲಯಕ್ಕೆ ಹೋಗುವುದನ್ನು ನಿಲ್ಲಿಸಿದ, ಪ್ರಾರ್ಥನೆ ನಿಲ್ಲಿಸಿದ. ಕೃಪೆಯ ಗೀತೆಗಳನ್ನು ಬರೆದವನು ಅವನ್ನು ಹಾಡುವ ಜನರ ನಡುವೆ ಮತ್ತೆಂದೂ ಕೂರಲಿಲ್ಲ.

ಮನುಷ್ಯರನ್ನು ಸರಕಿನಂತೆ ಸಾಗಿಸಿದವನಿಗೆ ದೇವರ ಪ್ರೀತಿಯನ್ನು ನಂಬಲಾಯಿತು. ಯಾರಿಗೂ ಕೇಡು ಬಗೆಯದ ಕವಿಗೆ ಆಗಲಿಲ್ಲ. ಯೋಗ್ಯತೆಗೂ ಈ ಪ್ರೀತಿಗೂ ನಂಟಿಲ್ಲವೆಂಬುದಕ್ಕೆ ಒಂದೇ ತೋಟದ ಎರಡು ಬದಿಯಲ್ಲಿ ಬಾಳಿದ ಈ ಇಬ್ಬರಿಗಿಂತ ಸ್ಪಷ್ಟವಾದ ಸಾಕ್ಷಿ ನನಗೆ ತಿಳಿದಿಲ್ಲ.

ಒಪ್ಪಿಕೊಳ್ಳುವುದು ಏಕೆ ಇಷ್ಟು ಕಷ್ಟ? ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯದಲ್ಲಿ ಒಂದು ಕಾರಣ ಕಾಣುತ್ತದೆ. ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡ ಕಿರಿಯ ಮಗ ಹಂದಿಗಳ ನಡುವೆ ಕೂತು, ಅಪ್ಪನಿಗೆ ಹೇಳಬೇಕಾದ ಮಾತನ್ನು ಮೊದಲೇ ಜೋಡಿಸಿಕೊಳ್ಳುತ್ತಾನೆ. ನಾನು ತಪ್ಪು ಮಾಡಿದೆ, ನಿನ್ನ ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಒಬ್ಬ ಕೂಲಿಯಾಳಾಗಿ ಇಟ್ಟುಕೋ ಎಂದು. ಊರಿಗೆ ಬಂದಾಗ ಅಪ್ಪನ ತೋಳುಗಳ ಒಳಗೇ ನಿಂತು ಮೊದಲ ಎರಡನ್ನು ಹೇಳುತ್ತಾನೆ. ಕೂಲಿಯ ಮಾತು ಬಾಯಿಂದ ಹೊರಬೀಳುವುದೇ ಇಲ್ಲ. ಅಷ್ಟರಲ್ಲಿ ಅಪ್ಪ ಆಳುಗಳ ಕಡೆ ತಿರುಗಿ ನಿಲುವಂಗಿ, ಉಂಗುರ, ಜೋಡು ತರಿಸುತ್ತಿದ್ದಾನೆ. ಇನ್ನು ಹೊಲದಿಂದ ಬಂದ ಹಿರಿಯ ಮಗನ ದೂರೂ ಕೂಲಿಯದೇ: ಇಷ್ಟು ವರ್ಷ ದುಡಿದೆ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ? ಒಬ್ಬನಿಗೆ ತಾನು ದುಡಿದಿಲ್ಲವೆಂಬ ನಾಚಿಕೆ, ಇನ್ನೊಬ್ಬನಿಗೆ ದುಡಿದೆನೆಂಬ ಹಮ್ಮು. ಲೆಕ್ಕದ ಪುಸ್ತಕ ಇಬ್ಬರ ಕೈಯಲ್ಲೂ ಇದೆ, ಅಪ್ಪನ ಕೈಯಲ್ಲಿ ಮಾತ್ರ ಇಲ್ಲ. ಕೂಲಿಯಾಗಿರುವುದು ಒಂದು ರೀತಿಯಲ್ಲಿ ಹಗುರ. ದುಡಿದಷ್ಟು ಪಡೆದು ಸಂಜೆಗೆ ಋಣ ತೀರಿಸಿಕೊಂಡು ಹೋಗಬಹುದು. ಮಗನಾಗಿರಲು ತೀರಿಸಲಾಗದ ಪ್ರೀತಿಯಲ್ಲಿ ದಿನವೂ ಬದುಕಬೇಕು. ನಮ್ಮಲ್ಲಿ ಬಹಳ ಮಂದಿ ಉಪವಾಸದಿಂದ, ದಶಮಾಂಶದಿಂದ, ಸಭೆಯ ಕೆಲಸದಿಂದ ದೇವರ ಸಾಲ ತೀರಿಸಲು ಹೊರಡುವುದು ಈ ಭಾರವನ್ನು ತಾಳಲಾರದೆ. ಅಂಥವರಿಗೆ ಹೇಳಬೇಕಾದ ಮಾತು, ಲೆಕ್ಕದ ಪುಸ್ತಕ ಕೆಳಗಿಡಿ ಎಂಬುದೇ.

ಕೌಪರನ ಕಷ್ಟ ಇದಲ್ಲ. ಅವನ ಕೈಯಲ್ಲಿ ಲೆಕ್ಕದ ಪುಸ್ತಕವಿರಲಿಲ್ಲ. ಕೃಪೆ ಉಚಿತವೆಂಬುದನ್ನು ಅವನು ನ್ಯೂಟನ್ನನಷ್ಟೇ ಚೆನ್ನಾಗಿ ತಿಳಿದಿದ್ದ, ಹಾಡಿದ್ದ. ರೋಗ ಅವನ ಮನಸ್ಸಿನ ಆ ಕಿವಿಯನ್ನೇ ಮುಚ್ಚಿಸಿತ್ತು. ಈ ಎರಡು ಕಷ್ಟಗಳನ್ನು ಒಂದೇ ಎಂದುಕೊಂಡು ನಮ್ಮ ಸಭೆಗಳಲ್ಲಿ ಎಷ್ಟು ಗಾಯ ಮಾಡಿಬಿಡುತ್ತೇವೆ! ಖಿನ್ನತೆಯಲ್ಲಿ ಮುಳುಗಿರುವ ತಂಗಿಗೆ “ನಿನ್ನ ನಂಬಿಕೆ ಸಾಲದು ಕಣಮ್ಮ, ಇನ್ನಷ್ಟು ಪ್ರಾರ್ಥನೆ ಮಾಡು” ಎನ್ನುತ್ತೇವೆ. ಮಾತ್ರೆ ನುಂಗುತ್ತಿರುವ ತಮ್ಮನಿಗೆ “ದೇವರ ಮೇಲೆ ಭರವಸೆ ಇದ್ದರೆ ಅದೆಲ್ಲ ಯಾಕಪ್ಪ?” ಎನ್ನುತ್ತೇವೆ. ಹೇಳಿದವರ ಉದ್ದೇಶ ಒಳ್ಳೆಯದೇ ಇರಬಹುದು. ಕೇಳಿಸಿಕೊಂಡವರಿಗೆ ಮಾತ್ರ ಅದು ಕೌಪರನ ಕನಸಿನ ಮಾತಿನಂತೆಯೇ ಕೇಳುತ್ತದೆ. ಕೌಪರ್ ಮೊದಲು ಬೆಳಕು ಕಂಡದ್ದು ಒಬ್ಬ ವೈದ್ಯನ ಆರೈಕೆಯಲ್ಲಿರುವಾಗ ಎಂಬುದನ್ನು ನಾವು ಮರೆಯಬಾರದು. ಮನೋವೈದ್ಯರ ಬಳಿ ಹೋಗುವುದು ದೇವರನ್ನು ಬಿಟ್ಟು ಹೋಗುವುದಲ್ಲ.

ನ್ಯೂಟನ್ ಏನು ಮಾಡಿದ? 1773ರ ಏಪ್ರಿಲಿನಲ್ಲಿ ಕೌಪರ್ ಅವನ ಮನೆಗೆ ಬಂದವನು ಮರಳಿ ತನ್ನ ಮನೆಗೆ ಹೋಗಲು ಒಪ್ಪಲಿಲ್ಲ. ನ್ಯೂಟನ್ ಮತ್ತು ಅವನ ಹೆಂಡತಿ ಮೇರಿ ವರ್ಷಕ್ಕೂ ಮಿಕ್ಕಿ ಅವನನ್ನೂ ಅವನ ಆರೈಕೆಗೆ ನಿಂತ ಮೇರಿ ಅನ್ವಿನ್‌ಳನ್ನೂ ತಮ್ಮಲ್ಲೇ ಇಟ್ಟುಕೊಂಡರು. ದೊಡ್ಡ ಸಂಬಳದ ಪಾದ್ರಿಯೇನಲ್ಲ ಅವನು. ಉಪದೇಶ ಮಾಡಿ ಕೌಪರನ ಮನಸ್ಸು ತಿರುಗಿಸಲು ಸಾಧ್ಯವಾಗಲಿಲ್ಲ, ವಾದಿಸಿ ಗೆಲ್ಲಲೂ ಆಗಲಿಲ್ಲ. ಊಟ ಹಾಕಿದ, ಕಾವಲಿದ್ದ, ಜೊತೆಯಲ್ಲಿ ನಡೆದ. 1774ರಲ್ಲಿ ಕೌಪರ್ ಸ್ವಲ್ಪ ಚೇತರಿಸಿಕೊಂಡು ಮನೆಗೆ ಮರಳಿದಾಗ ನೆರೆಯವರು ಒಂದು ಮೊಲದ ಮರಿ ಕೊಟ್ಟರು. ಅದರ ಹಿಂದೆ ಇನ್ನೂ ಬಂದವು. ಮೂರನ್ನು ಅವನು ಸಾಕಿದ, ಅವಕ್ಕೆ ಗೂಡು ಕಟ್ಟಿದ. ಅವುಗಳಲ್ಲಿ ಒಂದು ಹನ್ನೆರಡು ವರ್ಷದ ಹತ್ತಿರ ಬದುಕಿತು. ದೇವರು ತನ್ನನ್ನು ಹೊರಗೆ ಹಾಕಿದ್ದಾನೆಂದು ನಂಬಿದವನು ಬೇಟೆನಾಯಿಗಳು ಓಡಿಸುವ ಪ್ರಾಣಿಗೆ ಮನೆಯೊಳಗೆ ಜಾಗ ಕೊಟ್ಟ.

ಓಲ್ನಿಯ ಗೀತೆಗಳನ್ನು ಇಬ್ಬರೂ ಸೇರಿ ಬರೆದು ಒಂದೇ ಪುಸ್ತಕವಾಗಿ ತರಬೇಕೆಂದಿದ್ದರು. ಗೆಳೆಯ ಕುಸಿದ ಮೇಲೆ ನ್ಯೂಟನ್ನನಿಗೆ ಆ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ಕೊನೆಗೆ 1779ರಲ್ಲಿ ಪ್ರಕಟಿಸಿದ. ಒಟ್ಟು 348 ಗೀತೆಗಳಲ್ಲಿ ಕೌಪರನವು ಅರವತ್ತಕ್ಕೂ ಹೆಚ್ಚು. ಅವನು ಈಗ ನಂಬುವುದಿಲ್ಲವಲ್ಲ ಎಂದು ಒಂದನ್ನೂ ತೆಗೆದುಹಾಕಲಿಲ್ಲ. ಅವನವು ಯಾವುವೆಂದು ತಿಳಿಯಲಿ ಎಂದು ಹೆಸರಿನ ಮೊದಲಕ್ಷರದ ಗುರುತು ಹಾಕಿಸಿದ. ಈ ಪುಸ್ತಕ ನಮ್ಮ ಗೆಳೆತನದ ನೆನಪಾಗಿ ಉಳಿಯಲಿ ಎಂಬರ್ಥದ ಮಾತನ್ನು ಮುನ್ನುಡಿಯಲ್ಲಿ ಬರೆದ.

ನಮ್ಮ ನಾಡಿನ ಶ್ರೀವೈಷ್ಣವರಲ್ಲಿ ದೇವರ ಕೃಪೆಯ ಬಗ್ಗೆ ಒಂದು ಹಳೆಯ ಚರ್ಚೆಯಿದೆ. ಕೋತಿಯ ಮರಿ ತಾಯಿಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಿರಬೇಕು. ಬೆಕ್ಕಿನ ಮರಿ ಏನನ್ನೂ ಹಿಡಿದಿರುವುದಿಲ್ಲ, ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಬೇರೆ ಧರ್ಮದ ಚರ್ಚೆಯನ್ನು ಎರವಲು ತರುತ್ತಿದ್ದೇನೆಂಬುದು ಗೊತ್ತು, ಗೌರವದಿಂದಲೇ ತರುತ್ತಿದ್ದೇನೆ. ಒಪ್ಪಿಕೊಳ್ಳುವುದು ಎಂದಾಗ ನಮ್ಮ ಮನಸ್ಸಿಗೆ ಬರುವುದು ಕೋತಿಯ ಮರಿ. ಹಿಡಿತ ಗಟ್ಟಿಯಿರಬೇಕು, ಸಡಿಲವಾದರೆ ಬಿದ್ದೆವು. ಹಿಡಿಯುವ ಕೈಗೇ ಲಕ್ವ ಹೊಡೆದವರ ಗತಿ ಏನು? ಯೇಸು ತಪ್ಪಿಹೋದ ಕುರಿಯ ಸಾಮ್ಯವನ್ನು ಹೇಳುವಾಗ, ಆ ಕುರಿ ತಾನೇ ದಾರಿ ಹುಡುಕಿಕೊಂಡು ಬಂತೆಂದು ಹೇಳಲಿಲ್ಲ. ಸಿಕ್ಕ ಕುರಿಯನ್ನು ಕುರುಬ ಹೆಗಲ ಮೇಲೆ ಹೊತ್ತು ತಂದನೆಂದ. ನಂಬಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ನಂಬಲು ಶಕ್ತಿಯಿರುವವರು ನಂಬಲಿ, ಆನಂದಿಸಲಿ. ಅದು ದೊಡ್ಡ ವರ. ಆದರೆ ಆ ವರ ಕೈಗೆ ಸಿಗದಿರುವ ದಿನಗಳಲ್ಲಿ ದೇವರ ಪ್ರೀತಿ ನಮ್ಮ ಅನುಭವದ ಆಸರೆಯ ಮೇಲೆ ನಿಂತಿಲ್ಲ.

ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯವನ್ನು ಈ ದೃಷ್ಟಿಯಿಂದ ಓದಿ. ಕಪೆರ್ನೌಮಿನ ಮನೆಯೊಂದರಲ್ಲಿ ಜನ ಕಿಕ್ಕಿರಿದಿದ್ದಾರೆ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಬಾಗಿಲಲ್ಲಿ ದಾರಿಯಿಲ್ಲದೆ ಮಾಳಿಗೆ ಬಿಚ್ಚಿ ಹಾಸಿಗೆಯ ಸಮೇತ ಕೆಳಗಿಳಿಸುತ್ತಾರೆ. ಯೇಸು ನೋಡಿದ್ದು ಅವರ ನಂಬಿಕೆಯನ್ನು ಎಂದು ಮಾರ್ಕ ಬರೆಯುತ್ತಾನೆ. ಮಲಗಿದ್ದವನು ಬಾಯಿಬಿಟ್ಟು ಏನನ್ನಾದರೂ ಕೇಳಿದನೆಂದು ಎಲ್ಲೂ ಇಲ್ಲ. ಆದರೂ ಕ್ಷಮೆಯ ಮಾತು ಹೋದದ್ದು ನೇರವಾಗಿ ಅವನಿಗೇ.

ಕೌಪರನ ಹಾಸಿಗೆಯ ಅಂಚು ಹಿಡಿದವರೂ ಇದ್ದರು. ನ್ಯೂಟನ್ ಲಂಡನ್ನಿನ ಸಭೆಗೆ ಹೋದ ಮೇಲೂ ಪತ್ರ ಬರೆಯುವುದನ್ನು ಬಿಡಲಿಲ್ಲ. ಮೇರಿ ಅನ್ವಿನ್ ತಾನೇ ಪಾರ್ಶ್ವವಾಯುವಿಗೆ ತುತ್ತಾಗುವವರೆಗೂ ಅವನ ಜೊತೆಗಿದ್ದಳು, ಆಮೇಲೆ ಅವನು ಆಕೆಯನ್ನು ನೋಡಿಕೊಂಡ. ಸೋದರಸಂಬಂಧಿ ಹ್ಯಾರಿಯೆಟ್ ಹೆಸ್ಕೆತ್ ಬಂದು ಮನೆ ನಿಭಾಯಿಸಿದಳು. ಕೊನೆಗೆ ಜಾನ್ ಜಾನ್ಸನ್ ಎಂಬ ಯುವ ಬಂಧು 1795ರಲ್ಲಿ ಇಬ್ಬರನ್ನೂ ನಾರ್ಫೋಕ್‌ಗೆ ಕರೆದೊಯ್ದ. ಪ್ರಾರ್ಥನೆ ತನಗೆ ಸಲ್ಲದು ಎನ್ನುತ್ತಿದ್ದ ಹಿರಿಯನಿಗೆ ಅವನು ಕಾದಂಬರಿಗಳನ್ನು ಓದಿ ಹೇಳುತ್ತಿದ್ದ. ಇದೂ ದೇವರ ಸೇವೆಯೇ.

ಈ ಕತ್ತಲೆಯ ವರ್ಷಗಳು ಬಂಜೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅವನ ದೊಡ್ಡ ಕಾವ್ಯ ‘ದಿ ಟಾಸ್ಕ್’ ಬಂದದ್ದು 1785ರಲ್ಲಿ. ನ್ಯೂಟನ್ ತನ್ನ ಪುಸ್ತಿಕೆ ಹೊರತಂದ 1788ರಲ್ಲೇ ಕೌಪರ್ ಗುಲಾಮಗಿರಿಯ ವಿರುದ್ಧ ಕವಿತೆಗಳನ್ನು ಬರೆದ. ಅವುಗಳಲ್ಲೊಂದರಲ್ಲಿ ಗುಲಾಮನಾದ ಆಫ್ರಿಕದವನೇ ನಿಂತು ಮಾತಾಡುತ್ತಾನೆ, ಕೇಳುವವರು ತಲೆ ತಗ್ಗಿಸಬೇಕಾಗುತ್ತದೆ. ಯಾವ ಪ್ರೀತಿಯನ್ನು ತನ್ನ ಪಾಲಿಗೆ ಇಲ್ಲವೆಂದು ನಂಬಿದ್ದನೋ ಅದು ಅವನ ಮೂಲಕ ಬೇರೆಯವರ ಕಡೆಗೆ ಹರಿಯುತ್ತಲೇ ಇತ್ತು.

ಕೊನೆಯ ಸ್ವಂತ ಕವಿತೆಯನ್ನು 1799ರಲ್ಲಿ ಬರೆದ. ಹಡಗಿನಿಂದ ಸಮುದ್ರಕ್ಕೆ ಬಿದ್ದ, ಯಾರೂ ಎತ್ತಿಕೊಳ್ಳಲಾಗದ ನಾವಿಕನ ಕಥೆ ಅದು. ತಾನು ಮುಳುಗಿರುವುದು ಅದಕ್ಕೂ ಆಳದಲ್ಲಿ ಎಂಬ ಭಾವದಲ್ಲಿ ಅದನ್ನು ಮುಗಿಸಿದ. 1800ರ ಏಪ್ರಿಲ್ 25ರಂದು ತೀರಿಕೊಂಡ. ಕೊನೆಯವರೆಗೂ ಅವನ ಬಾಯಿಂದ ಭರವಸೆಯ ಮಾತು ಬರಲಿಲ್ಲ. ದೇವರು ತನ್ನನ್ನು ಕೈಬಿಟ್ಟಿದ್ದಾನೆಂಬ ಆ ಒಂದು ವಿಷಯದಲ್ಲಿ ಕೌಪರ್ ತಪ್ಪಾಗಿ ತಿಳಿದಿದ್ದ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ಹಾಗೆಯೇ ಅಂದುಕೊಂಡು ಈ ಬೆಳಿಗ್ಗೆ ಪತ್ರಿಕೆ ಓದುತ್ತಿರುವ ನಿಮ್ಮ ವಿಷಯದಲ್ಲೂ ಅದನ್ನೇ ನಂಬುತ್ತೇನೆ.